ನಡೆಯುವಾಗ ಮಾತಾಡದ ಮಾವ: ಕೃತಕ ಕಾಲಿನ ಕಥೆ

ಈ ಸಲದ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆಯಿರಿ, ಆದರೆ ರಾಜರು, ಯುದ್ಧಗಳು ಬೇಡ, ಓದಿ ಓದಿ ಸಾಕಾಗಿದೆ ಎಂದು ನಮ್ಮ ಸಂಪಾದಕರು ಫೋನಿನಲ್ಲಿ ಅಪ್ಪಣೆ ಮಾಡಿದರು. ರಾಜರನ್ನು ಬಿಟ್ಟಿದ್ದೇನೆ. ಯುದ್ಧಗಳನ್ನು ಪೂರ್ತಿ ಬಿಡಲಾಗಲಿಲ್ಲ, ಕ್ಷಮಿಸಬೇಕು. ನಾನು ಆರಿಸಿಕೊಂಡ ವಿಷಯ ಕೃತಕ ಕಾಲು. ಅದರ ಚರಿತ್ರೆ ಯುದ್ಧಗಳ ಬೆನ್ನು ಹತ್ತಿಯೇ ಬಂದದ್ದು. ನಾನು ವೈದ್ಯನಲ್ಲ, ನಿವೃತ್ತ ಮೆಕ್ಯಾನಿಕಲ್ ಇಂಜಿನಿಯರ್. ಈ ವಿಷಯ ನನ್ನ ತಲೆಗೆ ಹತ್ತಿದ್ದು ಪುಸ್ತಕದಿಂದಲ್ಲ, ನಮ್ಮ ಸೋದರಮಾವನಿಂದ.

ಮಾವನವರದು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಊರು. ಜಗಲಿಯ ಮೇಲೆ ಕವಳದ ತಟ್ಟೆ ಇಟ್ಟುಕೊಂಡು ಕೂತರೆಂದರೆ ಅವರಂಥ ಮಾತುಗಾರ ಇಡೀ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೊರಟರೆ ಮೌನ. ಜೊತೆಯಲ್ಲಿ ಹೋಗುತ್ತಿದ್ದ ನಾವು ಮಕ್ಕಳು ಏನಾದರೂ ಕೇಳಿದರೆ ತಟ್ಟನೆ ನಿಂತುಬಿಡುತ್ತಿದ್ದರು. ನಿಂತು, ಊರುಗೋಲಿನ ಮೇಲೆ ಭಾರ ಬಿಟ್ಟು, ಉತ್ತರ ಹೇಳಿ ಮುಗಿಸಿ, ಮತ್ತೆ ನೆಲ ನೋಡುತ್ತ ಹೊರಡುತ್ತಿದ್ದರು. ಎದುರಿಗೆ ಬಂದ ಪರಿಚಯದವರು ನಮಸ್ಕಾರ ಹೇಳಿದರೂ ಅಷ್ಟೇ. "ಇವನಿಗೆ ಬಹಳ ಗತ್ತು" ಎಂದು ಊರಿನಲ್ಲಿ ಕೆಲವರು ಆಡಿಕೊಂಡದ್ದೂ ಉಂಟು.

ಅವರ ಬಲಗಾಲು ಲಾರಿ ಅಪಘಾತದಲ್ಲಿ ತೊಡೆಯ ಮಧ್ಯದವರೆಗೆ ಹೋಗಿತ್ತು. ದೂರದ ಊರಿನಲ್ಲಿ ಮಾಡಿಸಿ ತಂದ ಕಾಲು, ಸೊಂಟಕ್ಕೆ ಬಿಗಿಯುವ ತೊಗಲಿನ ಪಟ್ಟಿ, ಮಂಡಿಯ ಹತ್ತಿರ ಒಂದು ಕಬ್ಬಿಣದ ಕೀಲು. ನಡೆಯುವಾಗ ಟಕ್ ಟಕ್ ಎಂದು ಸದ್ದು. ಆ ಸದ್ದು ಕೇಳಿದರೆ ಮಾವ ಬಂದರು ಎಂದು ನಾವು ಓಡುತ್ತಿದ್ದೆವು. ಅವರ ನಡಿಗೆಯ ಮೌನಕ್ಕೂ ಆ ಕೀಲಿಗೂ ಸಂಬಂಧವಿದೆ ಎಂದು ನನಗೆ ತಿಳಿದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಈ ದೇಶದಲ್ಲಿ.

ಮಂಡಿಯ ಲೆಕ್ಕಾಚಾರ

ಮೊದಲು ಮಂಡಿಯ ಕೆಲಸವೇನು ಎಂದು ನೋಡೋಣ. ನಾವು ಹೆಜ್ಜೆ ಇಡುವಾಗ ಒಂದು ಕಾಲು ನೆಲದ ಮೇಲೆ ನಿಂತು ಭಾರ ಹೊರುತ್ತದೆ, ಇನ್ನೊಂದು ಗಾಳಿಯಲ್ಲಿ ಮುಂದಕ್ಕೆ ಬೀಸುತ್ತದೆ. ಭಾರ ಹೊರುವ ಕಾಲಿನ ಮಂಡಿ ಗಟ್ಟಿಯಾಗಿ ನಿಲ್ಲಬೇಕು. ಬೀಸುವ ಕಾಲಿನ ಮಂಡಿ ಸಡಿಲವಾಗಿ ಮಡಚಬೇಕು, ಇಲ್ಲದಿದ್ದರೆ ಬೆರಳ ತುದಿ ನೆಲಕ್ಕೆ ತಾಗುತ್ತದೆ. ಗಟ್ಟಿ, ಸಡಿಲ, ಗಟ್ಟಿ, ಸಡಿಲ. ದಿನಕ್ಕೆ ಸಾವಿರಾರು ಬಾರಿ ನಡೆಯುವ ಈ ಬದಲಾವಣೆಯನ್ನು ತೊಡೆಯ ಸ್ನಾಯುಗಳು, ಪಾದದ ಚರ್ಮ, ಬೆನ್ನುಹುರಿ ಸೇರಿಕೊಂಡು ನಮಗೆ ಗೊತ್ತೇ ಆಗದಂತೆ ನಡೆಸುತ್ತವೆ. ಅದಕ್ಕೇ ನಾವು ಅಡಿಕೆ ರೇಟು ಮಾತಾಡುತ್ತ, ಮಗುವನ್ನು ಎತ್ತಿಕೊಂಡು, ಆಕಾಶ ನೋಡುತ್ತ ನಡೆಯಬಲ್ಲೆವು.

ಮಂಡಿಯ ಮೇಲೆ ಕಾಲು ಹೋದವರಿಗೆ ಈ ವ್ಯವಸ್ಥೆಯೆಲ್ಲ ಒಟ್ಟಿಗೇ ಹೋಗುತ್ತದೆ. ಕೃತಕ ಮಂಡಿ ಬಾಗಿಲಿನ ತಿರುಗಣಿಯಂಥದ್ದು. ಅದು ನೆಟ್ಟಗಾಗಿದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳದೆ ಭಾರ ಹಾಕಿದರೆ ಮಡಚಿಕೊಳ್ಳುತ್ತದೆ, ಮನುಷ್ಯ ನೆಲಕ್ಕೆ. ಪಾದ ಯಾವುದರ ಮೇಲೆ ಊರಿದೆ, ಕಲ್ಲೋ ಕೆಸರೋ, ಅದೂ ತಿಳಿಯುವುದಿಲ್ಲ. ಕಣ್ಣು ನೆಲ ನೋಡಬೇಕು, ಮನಸ್ಸು ಮಂಡಿ ನೋಡಬೇಕು. ಹೀಗೆ ದೇಹ ತಾನಾಗಿ ಮಾಡುತ್ತಿದ್ದ ಕೆಲಸ ತಲೆಯ ಮೇಲೆ ಬೀಳುತ್ತದೆ. ಮಾವ ಬಸ್ ಸ್ಟ್ಯಾಂಡಿನವರೆಗೆ ಪ್ರತಿ ಹೆಜ್ಜೆಯನ್ನೂ ಯೋಚಿಸಿಯೇ ಇಡುತ್ತಿದ್ದರು. ಮಾತಿಗೆ ಜಾಗ ಎಲ್ಲಿಂದ ಬರಬೇಕು?

ಕೃತಕ ಕಾಲಿನ ಚರಿತ್ರೆಯನ್ನು ಸಾಮಾನ್ಯವಾಗಿ ಮರ, ಕಬ್ಬಿಣ, ಅಲ್ಯೂಮಿನಿಯಂ, ಕಾರ್ಬನ್ ಎಂದು ವಸ್ತುಗಳ ಲೆಕ್ಕದಲ್ಲಿ ಬರೆಯುತ್ತಾರೆ. ಈ ತಲೆಯ ಮೇಲಿನ ಹೊರೆ ಯಾವಾಗ ಎಷ್ಟು ಇಳಿಯಿತು ಎಂಬ ಲೆಕ್ಕದಲ್ಲಿ ಬರೆದರೆ ಅದೇ ಕಥೆ ಬೇರೆಯಾಗಿ ಕಾಣುತ್ತದೆ. ಹಾಗೆ ಒಂದು ಪ್ರಯತ್ನ ಮಾಡಿದ್ದೇನೆ.

ವಿಶ್ಪಲೆಯಿಂದ ಪ್ಯಾರಿಸ್‌ವರೆಗೆ

ಋಗ್ವೇದದಲ್ಲಿ ವಿಶ್ಪಲೆಯ ಹೆಸರು ಬರುತ್ತದೆ. ಯುದ್ಧದಲ್ಲಿ ಕಾಲು ಕಳೆದುಕೊಂಡ ಅವಳಿಗೆ ಅಶ್ವಿನೀ ದೇವತೆಗಳು ಲೋಹದ ಕಾಲು ಕೊಟ್ಟರೆಂದು ಅಲ್ಲಿದೆ. ಇದಕ್ಕೆ ಕಥೆಯ ರೂಪ ಕೊಟ್ಟು ವಿವರಿಸಿದವರು ೧೪ನೇ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ವೇದಭಾಷ್ಯ ಬರೆದ ಸಾಯಣಾಚಾರ್ಯರು, ನಮ್ಮ ನಾಡಿನ ನಂಟುಳ್ಳವರು. ಅವರ ಪ್ರಕಾರ ವಿಶ್ಪಲೆ ಖೇಲರಾಜನಿಗೆ ಸಂಬಂಧಪಟ್ಟ ಹೆಂಗಸು. ಪುರೋಹಿತ ಅಗಸ್ತ್ಯರ ಪ್ರಾರ್ಥನೆಗೆ ಒಲಿದು ಅಶ್ವಿನಿಗಳು ರಾತ್ರಿಯೇ ಬಂದು ಕಾಲು ಜೋಡಿಸಿದರು. ವಿಶ್ಪಲೆ ಹೆಂಗಸಲ್ಲ, ಓಟದ ಕುದುರೆ ಎನ್ನುವ ಆಧುನಿಕ ವಿದ್ವಾಂಸರೂ ಇದ್ದಾರೆ. ಜಗಳ ಅವರಿಗೇ ಇರಲಿ. ಇದನ್ನು ಹಿಡಿದು ನಮ್ಮಲ್ಲಿ ಆಗಲೇ ಎಲ್ಲವೂ ಇತ್ತು ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಕಾಲು ಹೋದವರು ಮತ್ತೆ ನಡೆಯಬೇಕೆಂಬ ಆಸೆ ಅಷ್ಟು ಹಳೆಯದು ಎಂದಷ್ಟೇ ತಿಳಿದರೆ ಸಾಕು.

ಕಣ್ಣಿಗೆ ಕಾಣುವ ಸಾಕ್ಷಿ ಎಂದರೆ ಇಟಲಿಯ ಕಾಪುವಾ ಎಂಬಲ್ಲಿ ಗೋರಿಯೊಂದರಲ್ಲಿ ಸಿಕ್ಕ ಕಾಲು. ಮರದ ತಿರುಳಿಗೆ ಕಂಚಿನ ತಗಡು ಸುತ್ತಿ ಮಾಡಿದ್ದು, ಸುಮಾರು ಕ್ರಿ.ಪೂ. ೩೦೦ರದು. ಅದನ್ನು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ಇಟ್ಟಿದ್ದರು. ೧೯೪೧ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಎರಡು ಸಾವಿರ ವರ್ಷ ಮಣ್ಣಿನಲ್ಲಿ ಉಳಿದ ಕಾಲು ಲಂಡನ್ನಿನಲ್ಲಿ ಉಳಿಯಲಿಲ್ಲ.

ಮಂಡಿಯ ಸಮಸ್ಯೆಗೆ ಇಂಜಿನಿಯರಿನಂತೆ ಕೈ ಹಾಕಿದವನು ೧೬ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೆ. ಅವನು ರಣರಂಗದ ವೈದ್ಯ. ಕೋವಿ, ಫಿರಂಗಿಗಳು ಬಂದು ಕೈಕಾಲು ಕತ್ತರಿಸುವ ಪ್ರಸಂಗ ಹೆಚ್ಚಾಗಿದ್ದ ಕಾಲ ಅದು. ತನ್ನ ಗ್ರಂಥದಲ್ಲಿ ಅವನು ಚಿತ್ರಸಮೇತ ವಿವರಿಸಿದ ಕಾಲಿಗೆ ಮಂಡಿಯಲ್ಲಿ ಒಂದು ಚಿಲಕವಿತ್ತು. ನಡೆಯುವಾಗ ಚಿಲಕ ಹಾಕಿ ಮಂಡಿಯನ್ನು ಬಿಗಿ ಮಾಡುವುದು, ಕೂರುವಾಗ ಅಥವಾ ಕುದುರೆ ಏರುವಾಗ ದಾರ ಎಳೆದು ಬಿಡಿಸುವುದು. ಇದನ್ನು ತಯಾರಿಸಿಕೊಟ್ಟವನು ಪ್ಯಾರಿಸ್ಸಿನ ಒಬ್ಬ ಬೀಗದ ಕಮ್ಮಾರ. ಬಡವರಿಗೆ ಬರೀ ಮರದ ಕೊರಡಿನ ಕಾಲನ್ನೂ ಪಾರೆ ಅದೇ ಪುಸ್ತಕದಲ್ಲಿ ಬರೆದಿದ್ದಾನೆ. ದುಡ್ಡಿದ್ದವರಿಗೆ ಒಂದು ಕಾಲು, ಇಲ್ಲದವರಿಗೆ ಇನ್ನೊಂದು ಎಂಬುದೂ ಆಗಿನಿಂದಲೇ ಇದೆ.

ಪಾರೆಯ ಚಿಲಕದಲ್ಲಿ ಒಂದು ಕೊಡು-ಕೊಳ್ಳು ಅಡಗಿದೆ. ಚಿಲಕ ಹಾಕಿದರೆ ಬೀಳುವ ಭಯವಿಲ್ಲ, ಮನಸ್ಸು ನಿರಾಳ. ಆದರೆ ಮಡಚದ ಕಾಲನ್ನು ಸೊಂಟದಿಂದ ಎತ್ತಿ, ಬಳಸಿ, ಎಳೆದು ನಡೆಯಬೇಕು, ದೇಹಕ್ಕೆ ಆಯಾಸ. ಚಿಲಕ ತೆಗೆದರೆ ನಡಿಗೆ ಸಹಜಕ್ಕೆ ಹತ್ತಿರ, ಆದರೆ ಪ್ರತಿ ಹೆಜ್ಜೆಗೂ ಎಚ್ಚರ. ಮೈ ದಣಿಯಬೇಕು, ಇಲ್ಲವೇ ಮನಸ್ಸು ದಣಿಯಬೇಕು. ಮುಂದಿನ ೪೦೦ ವರ್ಷ ಎಷ್ಟೇ ಜಾಣ ಕೀಲುಗಳು ಬಂದರೂ ಈ ಲೆಕ್ಕ ಪೂರ್ತಿ ತೀರಲಿಲ್ಲ.

ವಾಟರ್ಲೂದಿಂದ ರೋಹ್ಯಾಂಪ್ಟನ್‌ಗೆ

೧೮೧೫ರ ವಾಟರ್ಲೂ ಯುದ್ಧದಲ್ಲಿ ಲಾರ್ಡ್ ಅಕ್ಸ್‌ಬ್ರಿಜ್ ಕಾಲು ಕಳೆದುಕೊಂಡ. ಲಂಡನ್ನಿನ ಜೇಮ್ಸ್ ಪಾಟ್ಸ್ ರೂಪಿಸಿದ ಕಾಲನ್ನು ಅವನು ಹಾಕಿಕೊಂಡ. ಅಕ್ಸ್‌ಬ್ರಿಜ್ ಮುಂದೆ ಆ್ಯಂಗಲ್ಸಿಯ ಮಾರ್ಕ್ವಿಸ್ ಆದ್ದರಿಂದ ಅದಕ್ಕೆ ಆ್ಯಂಗಲ್ಸಿ ಕಾಲು ಎಂದೇ ಹೆಸರು ಬಂತು. ಮಂಡಿಯಲ್ಲಿ ಉಕ್ಕಿನ ಕೀಲು. ಅಲ್ಲಿಂದ ಪಾದಕ್ಕೆ ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳು. ಮಂಡಿ ಮಡಚಿದರೆ ತಂತಿ ಎಳೆದು ಬೆರಳ ತುದಿ ತಾನಾಗಿ ಮೇಲೇಳುತ್ತಿತ್ತು. ಬೆರಳು ಎಡವದಂತೆ ನೋಡಿಕೊಳ್ಳುವ ಒಂದು ಸಣ್ಣ ಕೆಲಸವನ್ನು ಕಾಲೇ ವಹಿಸಿಕೊಂಡಿತು. ತಲೆಯ ಹೊರೆಯಲ್ಲಿ ಒಂದು ಹುಲ್ಲುಕಡ್ಡಿ ಇಳಿಯಿತು ಎನ್ನೋಣ.

ಅಮೆರಿಕದ ಅಂತರ್ಯುದ್ಧದಲ್ಲಿ ಕತ್ತರಿಸಿದ ಕೈಕಾಲುಗಳಿಗೆ ಲೆಕ್ಕವಿಲ್ಲ. ಆ ಯುದ್ಧದಲ್ಲಿ ಮೊದಲು ಕಾಲು ಕಳೆದುಕೊಂಡವನು ೧೮ ವರ್ಷದ ಜೇಮ್ಸ್ ಹ್ಯಾಂಗರ್, ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ. ೧೮೬೧ರ ಜೂನ್ ೩ರಂದು ಗುಂಡು ತಾಗಿತು. ಕೊಟ್ಟ ಕೊರಡಿನ ಕಾಲು ಸರಿಬೀಳದೆ, ಪೀಪಾಯಿಯ ಹಲಗೆಗಳನ್ನು ಕೆತ್ತಿ ತನಗೆ ತಾನೇ ಮಡಚುವ ಕಾಲು ಮಾಡಿಕೊಂಡ. ಮುಂದೆ ಅದೇ ಅವನ ಉದ್ಯಮವಾಯಿತು.

ಅದೇ ಯುದ್ಧದ ಗಾಯಾಳುಗಳನ್ನು ನೋಡಿದ ವೈದ್ಯ ಸೈಲಸ್ ವೇರ್ ಮಿಚೆಲ್. ಇಲ್ಲದ ಕಾಲಿನಲ್ಲಿ ನೋವು, ತುರಿಕೆ, ಬೆರಳು ಮಡಚಿದ ಭಾವನೆ ಬರುವುದನ್ನು ಅವನು ಕಂಡ. ೧೮೭೧ರಲ್ಲಿ ಅದಕ್ಕೆ 'ಭೂತ ಅಂಗ' ಎಂಬ ಅರ್ಥದ ಹೆಸರಿಟ್ಟ. ಕಾಲು ಹೋದವರ ಮೊಂಡನ್ನು ಮಾತ್ರ ನೋಡುತ್ತಿದ್ದ ವೈದ್ಯಲೋಕ ಅವರ ಮನಸ್ಸಿನ ಕಡೆಗೂ ತಿರುಗಿದ ಕಾಲ ಅದು. ಆದರೂ ನಡೆಯುವಾಗ ಆ ಮನಸ್ಸಿಗೆ ಎಷ್ಟು ಕೆಲಸ ಬೀಳುತ್ತದೆ ಎಂದು ಅಳೆಯಲು ಇನ್ನೂ ನೂರು ವರ್ಷ ಹಿಡಿಯಿತು.

ಈ ದೇಶದ ಕಥೆಗೆ ಬರೋಣ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಸುಮಾರು ೪೧,೦೦೦ ಸೈನಿಕರು ಕೈ ಅಥವಾ ಕಾಲು ಕಳೆದುಕೊಂಡರು. ಅವರಿಗಾಗಿ ೧೯೧೫ರಲ್ಲಿ ಲಂಡನ್ನಿನ ರೋಹ್ಯಾಂಪ್ಟನ್‌ನಲ್ಲಿ ಕ್ವೀನ್ ಮೇರೀಸ್ ಆಸ್ಪತ್ರೆ ಆರಂಭವಾಯಿತು. ಅದಕ್ಕೆ ಎರಡು ವರ್ಷ ಮೊದಲು, ೧೯೧೩ರಲ್ಲಿ, ವಿಮಾನ ಹಾರಾಟಗಾರ ಮಾರ್ಸೆಲ್ ಡಿಸೌಟರ್ ಹೆಂಡನ್ನಿನಲ್ಲಿ ಬಿದ್ದು ಕಾಲು ಕಳೆದುಕೊಂಡಿದ್ದ. ವಿಮಾನಕ್ಕೆ ಬಳಸುವ ಹಗುರ ಲೋಹದಲ್ಲಿ ಅವನ ತಮ್ಮ ಚಾರ್ಲ್ಸ್ ಅವನಿಗೊಂದು ಕಾಲು ಮಾಡಿಕೊಟ್ಟ. ಮರದ ಕಾಲಿಗಿಂತ ಬಹಳ ಹಗುರ. ಮೈಯ ದಣಿವು ಕಡಿಮೆಯಾಯಿತು. ಮಂಡಿ ಮಾತ್ರ ಅದೇ ತಿರುಗಣಿ, ತಲೆಗೆ ಅದೇ ಕಾವಲು.

ಎಣ್ಣೆಯ ಮಂಡಿ, ಟೈರಿನ ಪಾದ

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಒಂದು ಹೊಸ ಪ್ರಶ್ನೆ ಎದ್ದಿತು. ಕೃತಕ ಕಾಲು ಮಾಡುವ ಮೊದಲು ಮನುಷ್ಯ ನಿಜವಾಗಿ ಹೇಗೆ ನಡೆಯುತ್ತಾನೆ ಎಂದು ತಿಳಿಯಬೇಡವೇ? ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ ಸಿವಿಲ್ ಇಂಜಿನಿಯರ್ ಹವರ್ಡ್ ಎಬರ್‌ಹಾರ್ಟ್ ವಿಮಾನ ನಿಲ್ದಾಣದ ಓಡುದಾರಿಯ ಪರೀಕ್ಷೆ ಮಾಡುವಾಗ ಕಾಲು ಕಳೆದುಕೊಂಡಿದ್ದರು. ಅವರೂ ಮೂಳೆ ವೈದ್ಯ ವರ್ನ್ ಇನ್ಮನ್ನರೂ ಸೇರಿ ನಡಿಗೆಯನ್ನು ಸೇತುವೆಯ ಲೆಕ್ಕ ಹಾಕಿದಂತೆ ಅಳೆದರು. ಸ್ವಯಂಸೇವಕರ ಮೂಳೆಗೇ ಸಣ್ಣ ಮೊಳೆ ಕೂರಿಸಿ ಸಿನಿಮಾ ತೆಗೆದು, ಯಾವ ಕೀಲು ಯಾವಾಗ ಎಷ್ಟು ತಿರುಗುತ್ತದೆ ಎಂದು ಗುರುತು ಹಾಕಿದರು. ಇಂದಿನ ಎಲ್ಲ ಕೃತಕ ಕಾಲುಗಳೂ ಆ ಲೆಕ್ಕಕ್ಕೆ ಋಣಿ.

ಜರ್ಮನಿಯಿಂದ ಅಮೆರಿಕಕ್ಕೆ ಬಂದ ಹಾನ್ಸ್ ಮೌಖ್ ಎಂಬ ಇಂಜಿನಿಯರ್ ವರ್ಷಗಟ್ಟಲೆ ದುಡಿದು ೧೯೬೦ರ ದಶಕದಲ್ಲಿ ಎಣ್ಣೆ ತುಂಬಿದ ಸಿಲಿಂಡರಿನ ಮಂಡಿಯನ್ನು ಹೊರತಂದರು. ಬಾಗಿಲು ಧಡಾರನೆ ಬಡಿಯದಂತೆ ತಡೆಯುವ ಎಣ್ಣೆ ಸಿಲಿಂಡರನ್ನು ಇಲ್ಲಿನ ಕಚೇರಿಗಳಲ್ಲಿ ನೋಡಿದ್ದೀರಲ್ಲ, ತತ್ವ ಅದೇ. ಭಾರ ಬಿದ್ದಾಗ ಮಂಡಿ ಕುಸಿಯುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ಎಡವಿದರೆ ಸುಧಾರಿಸಿಕೊಳ್ಳಲು ಒಂದು ಕ್ಷಣ ಸಿಗುತ್ತದೆ. ಆದರೆ ಎಣ್ಣೆಯನ್ನು ಗಟ್ಟಿಯಿಂದ ಸಡಿಲಕ್ಕೆ ಬದಲಾಯಿಸಲು ನಡೆಯುವವನೇ ಹೆಜ್ಜೆಯ ಕೊನೆಯಲ್ಲಿ ಮಂಡಿಯನ್ನು ಹಿಂದಕ್ಕೆ ಒತ್ತುವುದನ್ನು ಕಲಿಯಬೇಕಿತ್ತು. ಚಿಲಕದ ದಾರ ಹೋಯಿತು, ಚಿಲಕ ಪೂರ್ತಿ ಹೋಗಲಿಲ್ಲ.

ಅದೇ ದಶಕದಲ್ಲಿ ನಮ್ಮ ಜೈಪುರದಲ್ಲಿ ಬೇರೆಯೇ ಒಂದು ದಾರಿ ತೆರೆಯಿತು. ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಡಾ. ಪಿ.ಕೆ. ಸೇಠಿ ಎಡಿನ್‌ಬರೋದಲ್ಲಿ ಎಫ್.ಆರ್.ಸಿ.ಎಸ್. ಮಾಡಿ ಬಂದವರು. ಪಾಶ್ಚಾತ್ಯ ಮಾದರಿಯ ಕಾಲು ಪಡೆದ ರೋಗಿಗಳು ಅದನ್ನು ಮೂಲೆಗೆ ಎಸೆದು ಊರುಗೋಲಿಗೆ ಮರಳುವುದನ್ನು ಅವರು ನೋಡಿದರು. ಕಾರಣ ಸ್ಪಷ್ಟ. ಆ ಕಾಲು ಬೂಟಿಗಾಗಿ, ಕುರ್ಚಿಗಾಗಿ, ಸಮತಟ್ಟಾದ ನೆಲಕ್ಕಾಗಿ ಮಾಡಿದ್ದು. ನಮ್ಮವರು ಬರಿಗಾಲಿನಲ್ಲಿ ದೇವಸ್ಥಾನಕ್ಕೆ ಹೋಗಬೇಕು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬೇಕು, ಕುಕ್ಕರಗಾಲಿನಲ್ಲಿ ಕೂರಬೇಕು, ಗದ್ದೆಯ ಕೆಸರಿನಲ್ಲಿ ಇಳಿಯಬೇಕು. ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರೊಡನೆ ಸೇರಿ ಸೇಠಿಯವರು ೧೯೬೮ರ ಹೊತ್ತಿಗೆ ರಬ್ಬರಿನ ಪಾದವೊಂದನ್ನು ರೂಪಿಸಿದರು. ರಬ್ಬರ್ ಹದ ಮಾಡಿದ್ದು ಲಾರಿ ಟೈರುಗಳಿಗೆ ಹೊಸ ಪಟ್ಟಿ ಹಾಕುವ ಅಂಗಡಿಯ ವಿದ್ಯೆಯಿಂದ! ಸೇಠಿಯವರಿಗೆ ೧೯೮೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಅಪಘಾತದಲ್ಲಿ ಕಾಲು ಕಳೆದುಕೊಂಡ ನೃತ್ಯಗಾತಿ ಸುಧಾ ಚಂದ್ರನ್ ಜೈಪುರ ಕಾಲು ಕಟ್ಟಿಕೊಂಡು ಮತ್ತೆ ರಂಗವೇರಿದ್ದು, ಅವರ ಬದುಕಿನ ಮೇಲೆ 'ಮಯೂರಿ' ಚಿತ್ರ ಬಂದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಜೈಪುರ ಪಾದದ ಮಹತ್ವವನ್ನು ನಾವು ಅದರ ಅಗ್ಗದ ಬೆಲೆಯಲ್ಲಿ ಕಾಣುತ್ತೇವೆ. ನನಗೆ ಇನ್ನೊಂದು ಕಾಣುತ್ತದೆ. ಕಾಲು ಸುತ್ತಲಿನ ಬದುಕಿಗೆ ಹೊಂದದಿದ್ದರೆ ಎಲ್ಲದಕ್ಕೂ ಮೊದಲೇ ಯೋಚಿಸಬೇಕು: ಎಲ್ಲಿ ಕೂರಲಿ, ಚಪ್ಪಲಿ ಎಲ್ಲಿ ಬಿಡಲಿ, ಈ ಮದುವೆ ಮನೆಯಲ್ಲಿ ಪಂಕ್ತಿಯೋ ಟೇಬಲ್ಲೋ? ಇದೂ ತಲೆಯ ಮೇಲಿನ ಹೊರೆಯೇ. ಉಬ್ಬುತಗ್ಗಿಗೆ ಬಾಗುವ ಪಾದ, ನೆಲಕ್ಕೆ ಕೂರಗೊಡುವ ಕಾಲು ಅಷ್ಟು ಯೋಚನೆಗಳನ್ನು ಇಳಿಸುತ್ತದೆ. ನಮ್ಮ ಮಾವ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಯಾಕೆಂದು ಯಾರೂ ಕೇಳಲಿಲ್ಲ.

ಕಾಲಿಗೆ ಬುದ್ಧಿ ಬಂದದ್ದು

"ಕಾಲಿಗೆ ಬುದ್ಧಿ ಹೇಳಿದ" ಎಂದರೆ ಓಡಿಹೋದ ಎಂದು ನಮ್ಮ ಭಾಷೆಯಲ್ಲಿ ಅರ್ಥ. ೧೯೯೦ರ ದಶಕದಲ್ಲಿ ಕಾಲಿಗೆ ನಿಜವಾಗಿಯೇ ಬುದ್ಧಿ ಬಂತು. ಜಪಾನಿನಲ್ಲಿ ಹುಟ್ಟಿದ ಕಲ್ಪನೆಯೊಂದನ್ನು ಆಧರಿಸಿ ಬೇಸಿಂಗ್‌ಸ್ಟೋಕ್‌ನ ಬ್ಲಾಚ್‌ಫರ್ಡ್ ಕಂಪನಿ ೧೯೯೩ರಲ್ಲಿ 'ಇಂಟೆಲಿಜೆಂಟ್ ಪ್ರಾಸ್ಥೆಸಿಸ್' ಎಂಬ ಮಂಡಿಯನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ಗಾಳಿಯ ಸಿಲಿಂಡರ್, ಅದರ ಕವಾಟವನ್ನು ತಿರುಗಿಸಲು ಪುಟ್ಟ ಮೋಟಾರು, ಅದಕ್ಕೆ ಆಜ್ಞೆ ಕೊಡಲು ಒಂದು ಮೈಕ್ರೋಪ್ರೊಸೆಸರ್. ಮನುಷ್ಯ ನಿಧಾನವಾಗಿ ನಡೆದರೆ ಕಾಲು ನಿಧಾನವಾಗಿ ಬೀಸುತ್ತದೆ, ಬೇಗ ನಡೆದರೆ ಬೇಗ. ವೇಗ ಬದಲಾದಾಗಲೆಲ್ಲ ಹಿಂದುಳಿದ ಕಾಲಿಗಾಗಿ ಕಾಯುವ ಪಾಡು ತಪ್ಪಿತು. ಆದರೆ ಈ ಬುದ್ಧಿ ಇದ್ದದ್ದು ಕಾಲು ಗಾಳಿಯಲ್ಲಿ ಬೀಸುವಾಗ ಮಾತ್ರ. ನೆಲದ ಮೇಲೆ ನಿಂತಾಗಿನ ಭದ್ರತೆಗೆ ಕಂಪ್ಯೂಟರಿನ ಕಾವಲು ಇರಲಿಲ್ಲ.

ಆ ಕಾವಲು ಬಂದದ್ದು ೧೯೯೭ರಲ್ಲಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಕೆಲ್ಲಿ ಜೇಮ್ಸ್ ಆರಂಭಿಸಿದ ಕೆಲಸವನ್ನು ಜರ್ಮನಿಯ ಒಟ್ಟೋ ಬಾಕ್ ಕಂಪನಿ ಕೊಂಡು, ಬೆಳೆಸಿ, ಆ ವರ್ಷ ನ್ಯೂರೆಂಬರ್ಗಿನ ಸಮ್ಮೇಳನದಲ್ಲಿ 'ಸಿ-ಲೆಗ್' ಎಂಬ ಹೆಸರಿನಲ್ಲಿ ತೋರಿಸಿತು. ಅದರ ಸೆನ್ಸರುಗಳು ಮಂಡಿಯ ಕೋನವನ್ನೂ ಕಾಲಿನ ಮೇಲಿನ ಭಾರವನ್ನೂ ಸೆಕೆಂಡಿಗೆ ೫೦ ಬಾರಿ ಅಳೆಯುತ್ತವೆ. ಅದಕ್ಕೆ ತಕ್ಕಂತೆ ಎಣ್ಣೆಯ ತಡೆ ಬದಲಾಗುತ್ತದೆ. ಇಂಜಿನಿಯರನಾಗಿ ನನಗೆ ಇಷ್ಟವಾದ ಸಂಗತಿ ಬೇರೆ. ಹಳೆಯ ಮಂಡಿ ತಾನಾಗಿ ಸಡಿಲ, ಗಟ್ಟಿ ಮಾಡುವುದು ಮನುಷ್ಯನ ಜವಾಬ್ದಾರಿ. ಈ ಮಂಡಿ ತಾನಾಗಿ ಗಟ್ಟಿ, ಕಾಲು ಬೀಸುವ ಸಮಯ ಎಂದು ಖಾತ್ರಿಯಾದಾಗ ಮಾತ್ರ ಸಡಿಲ. ಸಂದೇಹ ಬಂದರೆ ಗಟ್ಟಿಯೇ. ಕಾವಲಿನ ಕೆಲಸ ಮನುಷ್ಯನ ತಲೆಯಿಂದ ಕಾಲಿಗೆ ವರ್ಗವಾಯಿತು.

ಅಳತೆಗೆ ಸಿಗದ ಮಾತು

ಹೀಗೆ ಹೇಳುವುದು ಸುಲಭ. ತಲೆಯ ಹೊರೆ ಇಳಿಯಿತು ಎಂದು ಸಾಬೀತು ಮಾಡುವುದು ಹೇಗೆ? ತಕ್ಕಡಿಯಲ್ಲಿ ತೂಗಲು ಬರುವುದಿಲ್ಲವಲ್ಲ. ಮನಃಶಾಸ್ತ್ರಜ್ಞರ ಉಪಾಯ ಒಂದೇ: ನಿಲ್ಲುವಾಗ ಅಥವಾ ನಡೆಯುವಾಗ ಇನ್ನೊಂದು ಕೆಲಸ ಕೊಟ್ಟು ನೋಡುವುದು. ೧೯೯೧ರಲ್ಲಿ ಹಾಲೆಂಡಿನ ನೈಮೇಖನ್ ಊರಿನ ಸಂಶೋಧಕರು ಹೊಸದಾಗಿ ಕಾಲು ಕಳೆದುಕೊಂಡವರನ್ನು ನಿಲ್ಲಿಸಿ, ಬಣ್ಣದ ಪದಗಳ ಪರೀಕ್ಷೆ ಕೊಟ್ಟರು. 'ಕೆಂಪು' ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳು ಎನ್ನುವಂಥ ಪರೀಕ್ಷೆ, ಮನೆಯಲ್ಲಿ ಮಕ್ಕಳಿಗೆ ಮಾಡಿ ನೋಡಿ. ತರಬೇತಿಯ ಆರಂಭದಲ್ಲಿ ಇವರ ಮೈ ಜಾಸ್ತಿ ಓಲಾಡಿತು. ತರಬೇತಿ ಮುಗಿಯುವ ಹೊತ್ತಿಗೆ ಆ ವ್ಯತ್ಯಾಸ ಹೋಗಿತ್ತು. ಅಂದರೆ ನಿಲ್ಲುವುದಕ್ಕೆ ಬೇಕಾದ ಗಮನ ಅಭ್ಯಾಸದಿಂದ ಇಳಿಯುತ್ತದೆ.

೧೯೯೭ರಲ್ಲಿ, ಸಿ-ಲೆಗ್ ಬಂದ ವರ್ಷವೇ, ಸ್ವೀಡನ್ನಿನ ಉಮಿಯೋ ಊರಿನ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬರೆದರು. ವೃದ್ಧರ ವಸತಿಯಲ್ಲಿದ್ದ ೫೮ ಜನರ ಜೊತೆ ನಡೆಯುತ್ತ ಮಾತು ತೆಗೆದರು. ೧೨ ಜನ ಮಾತಾಡಲು ನಿಂತುಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ ೧೨ರಲ್ಲಿ ೧೦ ಜನ ಬಿದ್ದರು. ಇವರು ಕಾಲು ಕಳೆದುಕೊಂಡವರಲ್ಲ, ಬರೀ ವಯಸ್ಸಾದವರು. ನಡೆಯಲು ಇರುವ ಗಮನವೆಲ್ಲ ಬೇಕಾಗುತ್ತಿರುವವರು ಮಾತಿಗೆ ನಿಲ್ಲುತ್ತಾರೆ, ಅಂಥವರೇ ಬೀಳುವ ಅಪಾಯದಲ್ಲಿರುವವರು ಎಂದು ಅದರ ತಾತ್ಪರ್ಯ. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಊರುಗೋಲಿಗೆ ಒರಗಿ ನಿಂತ ಮಾವ. ಗತ್ತಲ್ಲ, ಗಮನ.

ಇನ್ನು ಕಂಪ್ಯೂಟರ್ ಮಂಡಿಯ ವಿಚಾರ. ಬ್ಲಾಚ್‌ಫರ್ಡ್ ಮಂಡಿ ಹಾಕಿಕೊಂಡವರು ನಡಿಗೆ ಸುಲಭವಾಗಿದೆ ಎಂದು ಹೇಳಿದ್ದನ್ನು ಶೆಫೀಲ್ಡಿನ ವೈದ್ಯರು ೧೯೯೮ರಲ್ಲಿ ಪ್ರಕಟಿಸಿದರು. ಅದೇ ತಂಡ ೨೦೦೦ದಲ್ಲಿ ಪ್ರಯೋಗ ಮಾಡಿ, ಮನಸ್ಸಿಗೆ ಕೆಲಸ ಕೊಟ್ಟು ನಡೆಸಿ, ಮೈಯ ಓಲಾಟ ಅಳೆಯಿತು. ಹೊಸ ಮಂಡಿಗೂ ಹಳೆಯದಕ್ಕೂ ಮನಸ್ಸಿನ ಹೊರೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ೨೦೦೬ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಎಂಟು ಜನರ ಮೇಲೆ ಸಿ-ಲೆಗ್ ಮತ್ತು ಮೌಖ್ ಮಂಡಿಗಳನ್ನು ಹೋಲಿಸಿದರು. ನಡೆಯುತ್ತ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲಿ ಎರಡೂ ಒಂದೇ. ಆದರೆ ಅದೇ ಎಂಟು ಜನರನ್ನು ಕೇಳಿದರೆ, ಸಿ-ಲೆಗ್‌ನಲ್ಲಿ ನಡೆಯಲು ಅಷ್ಟು ಗಮನ ಬೇಕಾಗುವುದಿಲ್ಲ ಎಂದರು. ಗಡಿಯಾರ ಒಂದು ಹೇಳಿತು, ಮನುಷ್ಯ ಇನ್ನೊಂದು ಹೇಳಿದ.

ಯಾರನ್ನು ನಂಬಬೇಕು? ಇದು ಪಂಡಿತರ ಜಗಳ ಮಾತ್ರವಲ್ಲ, ದುಡ್ಡಿನ ಪ್ರಶ್ನೆ. ಕಂಪ್ಯೂಟರ್ ಮಂಡಿಗೆ ಹಳೆಯ ಮಂಡಿಯ ಹಲವು ಪಟ್ಟು ಬೆಲೆ. ಕೊಡುವ ಸರ್ಕಾರ, ವಿಮೆ ಕಂಪನಿಗಳು ಪುರಾವೆ ಕೇಳುತ್ತವೆ. ಹಾಕಿಕೊಂಡವನು "ತಲೆ ಹಗುರಾಯಿತು" ಎಂದರೆ ಅದು ಪುರಾವೆಯಾಗಿ ಅಷ್ಟು ಸುಲಭಕ್ಕೆ ನಡೆಯದು. ಪ್ರಯೋಗಶಾಲೆಯ ಮಟ್ಟಸ ನೆಲದಲ್ಲಿ ಹತ್ತು ನಿಮಿಷ ನಡೆದರೆ ಯಾರೂ ಬೀಳುವುದಿಲ್ಲ. ಮಳೆಯಲ್ಲಿ, ಇಳಿಜಾರಿನಲ್ಲಿ, ಕೈಯಲ್ಲಿ ಚೀಲ ಹಿಡಿದು ಇಡೀ ದಿನ ನಡೆದವರಿಗೇ ಹೊರೆ ಗೊತ್ತು. ೨೦೦೧ರಲ್ಲಿ ಕೆನಡಾದ ಸಂಶೋಧಕರು ಕಾಲು ಕಳೆದುಕೊಂಡ ೪೩೫ ಜನರನ್ನು ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಜನ ಹಿಂದಿನ ಒಂದು ವರ್ಷದಲ್ಲಿ ಬಿದ್ದಿದ್ದರು, ಸುಮಾರು ಅರ್ಧ ಜನಕ್ಕೆ ಬೀಳುವ ಭಯವಿತ್ತು. ೨೦೦೭ರಲ್ಲಿ ಸಿಯಾಟಲ್‌ನ ಇನ್ನೊಂದು ತಂಡ ಜನರನ್ನು ಅವರ ದಿನನಿತ್ಯದ ಬದುಕಿನಲ್ಲೇ ಹಿಂಬಾಲಿಸಿ ನೋಡಿತು. ಹಳೆಯ ಮಂಡಿಯಿಂದ ಕಂಪ್ಯೂಟರ್ ಮಂಡಿಗೆ ಬದಲಾದವರಲ್ಲಿ ಎಡವುವುದು, ಬೀಳುವುದು ಕಡಿಮೆಯಾಯಿತು. ನಡೆಯುತ್ತ ಇನ್ನೊಂದು ಕೆಲಸ ಮಾಡುವುದು ಸುಲಭವಾಯಿತೆಂದು ಅವರು ಹೇಳಿದರು.

೨೦೧೬ರಲ್ಲಿ ಇಂಗ್ಲೆಂಡಿನ ಎನ್.ಎಚ್.ಎಸ್., ಪರೀಕ್ಷಿಸಿ ಅರ್ಹರೆಂದು ಕಂಡವರಿಗೆ ಕಂಪ್ಯೂಟರ್ ಮಂಡಿ ಕೊಡುವ ನಿರ್ಧಾರ ಮಾಡಿತು. ೨೦೧೯ರಲ್ಲಿ ಸ್ವೀಡನ್ನಿನ ಯೊನ್‌ಶೊಪಿಂಗ್ ವಿಶ್ವವಿದ್ಯಾಲಯದವರು ನಡೆಯುವವರ ಹಣೆಗೆ ಬೆಳಕಿನ ಸೆನ್ಸರ್ ಕಟ್ಟಿ, ಮಿದುಳಿನ ಮುಂಭಾಗದ ರಕ್ತಸಂಚಾರ ಅಳೆದರು. ಕಂಪ್ಯೂಟರ್ ಇಲ್ಲದ ಮಂಡಿ ಹಾಕಿದವರ ಮಿದುಳು ನಡೆಯುವಾಗ ಹೆಚ್ಚು ದುಡಿಯುತ್ತಿತ್ತು. ಬಳಸಿದವರು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ ಮಾತಿಗೆ ಕೊನೆಗೂ ಒಂದು ಯಂತ್ರ ಸಾಕ್ಷಿ ನುಡಿಯಿತು. ಅದೇ ವರ್ಷ ಜ್ಯೂರಿಕ್ ಮತ್ತು ಬೆಲ್‌ಗ್ರೇಡಿನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೃತಕ ಪಾದದ ಅಡಿಯ ಸೆನ್ಸರುಗಳ ಸುದ್ದಿಯನ್ನು ತೊಡೆಯ ನರಕ್ಕೆ ತಲುಪಿಸಿ, ಮೂವರಿಗೆ ಪಾದ ನೆಲ ಮುಟ್ಟಿದ ಅನುಭವವನ್ನು ಮರಳಿ ಕೊಟ್ಟರು. ಅವರಿಗೆ ನಡೆಯಲು ಬೇಕಾಗುವ ಮಾನಸಿಕ ಶ್ರಮ ಇಳಿಯಿತು. ನೆಲ ತಾನೇ ಮಾತಾಡಿದರೆ ಕಣ್ಣು ನೆಲ ನೋಡಬೇಕಾಗಿಲ್ಲ.

ಕೊನೆಯದಾಗಿ

ಓದುಗ ಬಂಧುಗಳೇ, ಇದು ಯುದ್ಧಕ್ಕೆ ಹೋದವರ ಕಥೆ, ನಮಗೇನು ಎನ್ನಬೇಡಿ. ಈ ದೇಶದಲ್ಲಿ ಈಗ ಕಾಲು ಹೋಗುವುದಕ್ಕೆ ದೊಡ್ಡ ಕಾರಣ ಯುದ್ಧವಲ್ಲ, ರಕ್ತನಾಳಗಳ ತೊಂದರೆ ಮತ್ತು ಸಕ್ಕರೆ ಕಾಯಿಲೆ. ನಮ್ಮವರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಎಂದು ನಮ್ಮ ಯುಗಾದಿ ಊಟದ ಸಾಲಿನಲ್ಲಿ ಹೋಳಿಗೆ ಬೇಡ ಎನ್ನುವವರನ್ನು ಎಣಿಸಿದರೆ ಸಾಕು. ಪಾದ ನೋಡಿಕೊಳ್ಳಿ, ಡಾಕ್ಟರಿಗೆ ತೋರಿಸಿ ಎಂದು ನಮ್ಮ ವೈದ್ಯ ಸದಸ್ಯರು ಹೇಳುವುದು ಸುಮ್ಮನೆ ಅಲ್ಲ.

ಇನ್ನೊಂದು ವಿನಂತಿ. ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಬೇಸಿಗೆಯಲ್ಲಿ ವಾಕಿಂಗ್ ಕರೆದುಕೊಂಡು ಹೋಗುತ್ತೀರಿ. ಮಾತಿಗೆ ಅವರು ನಿಂತರೆ ನೀವೂ ನಿಲ್ಲಿ. "ನಡೀತಾ ಮಾತಾಡೋಣ, ಲೇಟಾಗುತ್ತೆ" ಎನ್ನಬೇಡಿ. ಕೃತಕ ಕಾಲು ಹಾಕಿದವರು ಯಾರಾದರೂ ನಿಮ್ಮ ಬಳಿ "ನೋವಿಲ್ಲ, ಆದರೆ ಸಂಜೆ ಹೊತ್ತಿಗೆ ತಲೆ ಸುಸ್ತಾಗುತ್ತದೆ" ಎಂದರೆ ಆ ಮಾತನ್ನು ನಂಬಿ. ಅದನ್ನು ಅಳೆಯಲು ಕಲಿಯುವುದಕ್ಕೆ ವಿಜ್ಞಾನಕ್ಕೇ ಇಷ್ಟು ಕಾಲ ಹಿಡಿದಿದೆ.

ನಮ್ಮ ಮಾವನವರನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಮರದ ಕಾಲು ಬಹಳ ವರ್ಷ ಅಟ್ಟದ ಮೇಲೆ ಇತ್ತು. ಕಳೆದ ಸಲ ಊರಿಗೆ ಹೋದಾಗ ಹುಡುಕಿದೆ. ಮನೆ ರಿಪೇರಿ ಮಾಡುವಾಗ ಹಳೆಯ ಸಾಮಾನಿನ ಜೊತೆ ಹೋಯಿತು ಎಂದರು. ಸಿಕ್ಕಿದ್ದರೆ ಆ ಕೀಲನ್ನು ಒಂದು ಸಲ ಕೈಯಲ್ಲಿ ತಿರುಗಿಸಿ ನೋಡಬೇಕೆಂದಿತ್ತು. ನಿಮ್ಮ ಮನೆಗಳಲ್ಲೂ ಇಂಥ ಹಿರಿಯರಿದ್ದರೆ, ಅವರ ಅನುಭವ ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ ಎಂದು ಸಂಪಾದಕರು ಒಪ್ಪಿದ್ದಾರೆ.